ಸೃಷ್ಟಿಯ ಕಾಲಕ್ಕೆ ಚರ್ಚ್ ಅಂಗಳದ ಕೆಲಸಗಳು: ಊಟ, ಹೂವು, ಮಳೆನೀರು, ನೆರೆಮನೆ

ಸೆಪ್ಟೆಂಬರ್ 1ರಿಂದ ಅಕ್ಟೋಬರ್ 4ರವರೆಗಿನ ದಿನಗಳನ್ನು ಹಲವು ಕ್ರೈಸ್ತ ಸಭೆಗಳು ಸೃಷ್ಟಿಯ ಕಾಲವೆಂದು ಆಚರಿಸುತ್ತವೆ. ಸೆಪ್ಟೆಂಬರ್ 1ನ್ನು ಸೃಷ್ಟಿಗಾಗಿ ಪ್ರಾರ್ಥಿಸುವ ದಿನವೆಂದು 1989ರಲ್ಲಿ ಸಾರಿದವರು ಆರ್ಥೊಡಾಕ್ಸ್ ಸಭೆಯ ಪೇಟ್ರಿಯಾರ್ಕ್ ಡಿಮಿಟ್ರಿಯೋಸ್. 2015ರಲ್ಲಿ ಪೋಪ್ ಫ್ರಾನ್ಸಿಸ್ ಕಥೋಲಿಕ ಸಭೆಯಲ್ಲೂ ಅದನ್ನು ಆಚರಣೆಗೆ ತಂದರು. ಅಕ್ಟೋಬರ್ 4 ಅಸ್ಸಿಸಿಯ ಸಂತ ಫ್ರಾನ್ಸಿಸರ ಹಬ್ಬ. ನಮ್ಮ ಕರಾವಳಿಯ ಕೊಂಕಣಿ ಕಥೋಲಿಕರಿಗಂತೂ ಇದರ ನಡುವೆಯೇ ಸೆಪ್ಟೆಂಬರ್ 8ರ ಮೊಂತಿ ಹಬ್ಬ, ಅಂದರೆ ಮಾತೆ ಮರಿಯಳ ಜನ್ಮದಿನದ ಹಬ್ಬ ಬರುತ್ತದೆ. ಒಂಬತ್ತು ದಿನ ಮಕ್ಕಳು ಬುಟ್ಟಿಯಲ್ಲಿ ಹೂವು ತಂದು ಮಾತೆಗೆ ಅರ್ಪಿಸುತ್ತಾರೆ, ಹೊಸ ಭತ್ತದ ತೆನೆಗೆ ಆಶೀರ್ವಾದವಾಗುತ್ತದೆ, ಮನೆಯಲ್ಲಿ ಬಾಳೆಎಲೆಯ ಮೇಲೆ ಸಸ್ಯಾಹಾರದ ಊಟ. ಬೆಳೆ ತಂದು ಅರ್ಪಿಸುವ ಸುಗ್ಗಿ ಹಬ್ಬ ಪ್ರೊಟೆಸ್ಟೆಂಟ್ ಸಭೆಗಳಲ್ಲೂ ಇದೆ.

ಇಷ್ಟೆಲ್ಲ ಇದ್ದರೂ ಹಲವು ಕಡೆ ಈ ಕಾಲ ಒಂದು ಭಾನುವಾರ ಗಿಡ ನೆಟ್ಟು ಫೋಟೊ ತೆಗೆಸಿಕೊಳ್ಳುವಲ್ಲಿಗೆ ಮುಗಿಯುತ್ತದೆ. ಆ ಗಿಡ ಮಾರ್ಚ್ ಬಿಸಿಲಿಗೆ ಒಣಗುತ್ತದೆ. ಅದಕ್ಕೇ ಇಲ್ಲಿ ಹೇಳಿರುವುದೆಲ್ಲ ಅಕ್ಟೋಬರ್ ನಂತರವೂ ಸಾಗುವ ಕೆಲಸ. ಇವುಗಳಿಗೆ ಬುಡ ಯಾಜಕಕಾಂಡ 19ನೇ ಅಧ್ಯಾಯದ 9 ಮತ್ತು 10ನೇ ವಚನಗಳು: ಹೊಲ ಕೊಯ್ಯುವಾಗ ಅಂಚಿನವರೆಗೂ ಕೊಯ್ಯಬೇಡಿ, ಬಿದ್ದ ತೆನೆ ಆಯಬೇಡಿ, ಅದು ಬಡವರಿಗೂ ಪರದೇಶಿಗಳಿಗೂ ಇರಲಿ ಎಂಬ ಅಪ್ಪಣೆ. ಗಮನಿಸಿ, ಕಣಜ ತುಂಬಿದ ಮೇಲೆ ಮಿಕ್ಕಿದ್ದನ್ನು ಕೊಡಿ ಎಂದು ಅಲ್ಲಿ ಹೇಳಿಲ್ಲ. ಕುಡುಗೋಲು ಹಾಕುವ ಮೊದಲೇ ಅಂಚು ಬಿಡಬೇಕು. ವಿಮೋಚನಕಾಂಡ 23:11 ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿ, ಏಳನೆಯ ವರ್ಷ ಬೀಳುಬಿಟ್ಟ ಹೊಲದಲ್ಲಿ ಬಡವರು ಉಂಡು ಮಿಕ್ಕಿದ್ದು ಕಾಡುಮೃಗಗಳಿಗೆ ಎನ್ನುತ್ತದೆ. ಬಡವರನ್ನೂ ಮೃಗಗಳನ್ನೂ ಒಂದೇ ವಾಕ್ಯದಲ್ಲಿ ಇಟ್ಟ ದೇವರು ಇವೆರಡನ್ನೂ ಒಂದೇ ಕೆಲಸವಾಗಿ ನೋಡುತ್ತಾನೆ. ನಾವೂ ಹಾಗೇ ನೋಡೋಣ.

ಮೊದಲ ವಾರ: ನಡೆದು ನೋಡಿ, ಬರೆದಿಡಿ

ಏನನ್ನೂ ಕೊಳ್ಳುವ ಮೊದಲು ಮೂರ್ನಾಲ್ಕು ಜನ ಸೇರಿ ಚರ್ಚಿನ ಆವರಣವನ್ನು ಒಂದು ಸುತ್ತು ಹಾಕಿ. ಅಡುಗೆಮನೆ ನೋಡಿಕೊಳ್ಳುವವರು ಒಬ್ಬರು, ಯುವಕರಲ್ಲಿ ಒಬ್ಬರು, ಕಟ್ಟಡದ ಲೆಕ್ಕ ಗೊತ್ತಿರುವವರು ಒಬ್ಬರು, ವಾಳೆಯ (ಚರ್ಚಿನ ವಾರ್ಡಿನ) ಮುಖಂಡರಾದ ಗುರಿಕಾರರೋ ಸಭಾ ಸಮಿತಿಯವರೋ ಒಬ್ಬರು ಇದ್ದರೆ ಸಾಕು. ನೋಟ್‌ಬುಕ್ಕಿನಲ್ಲಿ ಬರೆಯಬೇಕಾದದ್ದು: ಛಾವಣಿಯ ಉದ್ದ-ಅಗಲ, ನೀರು ಇಳಿಯುವ ಪೈಪುಗಳು ಎಷ್ಟು ಮತ್ತು ಎಲ್ಲಿ, ಸೋರುವ ನಲ್ಲಿಗಳು, ಒಣ ಎಲೆ ಈಗ ಎಲ್ಲಿಗೆ ಹೋಗುತ್ತದೆ, ಪೀಠದ ಹೂವು ಎಲ್ಲಿಗೆ ಹೋಗುತ್ತದೆ, ಹಬ್ಬದ ಊಟಕ್ಕೆ ಯಾವ ತಟ್ಟೆ ಲೋಟ ಬಳಸುತ್ತಾರೆ, ಸ್ಟೀಲ್ ಪಾತ್ರೆ ಎಷ್ಟು ಇದೆ.

ಇನ್ನೊಂದು ಪುಟದಲ್ಲಿ ಜನರ ಪಟ್ಟಿ ಮಾಡಿ. ವಾಳೆಯಲ್ಲಿ ಒಂಟಿಯಾಗಿರುವ ಹಿರಿಯರು, ಹಾಸಿಗೆ ಹಿಡಿದವರಿರುವ ಮನೆಗಳು, ಗೇಟಿನ ಮುಂದೆ ಕಸ ಎತ್ತುವ ಪೌರಕಾರ್ಮಿಕರು, ಪಕ್ಕದ ಕಟ್ಟಡಕ್ಕೆ ಹೊರಗಿನಿಂದ ಕೆಲಸಕ್ಕೆ ಬಂದವರು, ಆಟೊ ಸ್ಟ್ಯಾಂಡಿನವರು. ಇವರಲ್ಲಿ ಹೆಚ್ಚಿನವರು ನಮ್ಮ ಸಭೆಯವರಲ್ಲ. ಪಟ್ಟಿ ಆರಂಭವಾಗಬೇಕಾದದ್ದು ಅವರಿಂದಲೇ.

ಪ್ರತಿ ಕೆಲಸದ ಮುಂದೆ ಒಬ್ಬ ವ್ಯಕ್ತಿಯ ಹೆಸರು ಬರೆಯಿರಿ. ‘ಯುವಜನರು’, ‘ಮಹಿಳಾ ಅನ್ಯೋನ್ಯ ಕೂಟ’ ಎಂದು ಬರೆದ ಕಡೆ ಕೆಲಸ ನಿಲ್ಲುತ್ತದೆ. ಎಲ್ಲರ ಕೆಲಸವಾದದ್ದು ಯಾರ ಕೆಲಸವೂ ಆಗುವುದಿಲ್ಲ.

ಹಬ್ಬದ ಊಟ

ಚರ್ಚಿನಲ್ಲಿ ಹೆಚ್ಚು ಕಸವಾಗುವುದೂ, ಹೆಚ್ಚು ದಯೆಗೆ ಅವಕಾಶ ಸಿಗುವುದೂ ಊಟದ ದಿನವೇ. ಹಾಗಾಗಿ ಇಲ್ಲಿ ಸ್ವಲ್ಪ ವಿವರವಾಗಿ ಹೇಳಬೇಕು. ಲೆಕ್ಕಕ್ಕೆ 200 ಜನ ಎಂದಿಟ್ಟುಕೊಳ್ಳಿ.

ಅಕ್ಕಿ ತಲೆಗೆ 100ರಿಂದ 110 ಗ್ರಾಂ, ಅಂದರೆ ಒಟ್ಟು 20ರಿಂದ 22 ಕಿಲೊ. ಪಲ್ಯ, ಸಾರು, ಪಾಯಸ ಎಲ್ಲ ಇರುವಾಗ ಇಷ್ಟು ಧಾರಾಳ ಸಾಕು. ತಪ್ಪುವುದು ಎಲ್ಲಿ ಎಂದರೆ, ‘ಇರಲಿ, ಕಡಿಮೆ ಬೀಳಬಾರದು’ ಎಂದು ಅಡುಗೆಯವರು ಐದು ಕಿಲೊ ಸೇರಿಸುತ್ತಾರೆ, ಸಮಿತಿಯವರು ಇನ್ನೈದು ಸೇರಿಸುತ್ತಾರೆ. ಆ ಭಯಕ್ಕೆ ಮದ್ದು ಎರಡು ಕಂತಿನ ಅಡುಗೆ. ಮೊದಲು 18 ಕಿಲೊ ಬೇಯಿಸಿ. ಉಳಿದ 4 ಕಿಲೊ ಅಳೆದು ತೊಳೆಯದೆ ಪಕ್ಕಕ್ಕಿಡಿ, ಒಲೆಯ ಮೇಲೆ ನೀರು ಕಾದಿರಲಿ. ಅರ್ಧ ಪಂಕ್ತಿ ಮುಗಿದಾಗ ಹಂಡೆ ನೋಡಿ ತೀರ್ಮಾನಿಸಿ. ಬೆಳ್ತಿಗೆ (ಬಿಳಿ) ಅಕ್ಕಿಯಾದರೆ ಸುಮಾರು 20 ನಿಮಿಷದಲ್ಲಿ ಆಗುತ್ತದೆ. ಕುಚ್ಚಲಕ್ಕಿಗೆ ಮುಕ್ಕಾಲರಿಂದ ಒಂದು ಗಂಟೆ ಬೇಕು, ಹಾಗಾಗಿ ಎರಡನೆಯ ಕಂತನ್ನು ಬೆಳ್ತಿಗೆಯಲ್ಲೇ ಮಾಡುವುದು ಜಾಣತನ.

ತಟ್ಟೆಗೆ ಬಾಳೆಎಲೆ, ಅಡಿಕೆ ಹಾಳೆ, ಸ್ಟೀಲ್ ಈ ಮೂರರಲ್ಲಿ ಸ್ಟೀಲೇ ಮೇಲು, ಯಾಕೆಂದರೆ ಒಮ್ಮೆ ಕೊಂಡರೆ ಮುಗಿಯಿತು. ಥರ್ಮೊಕೋಲ್ ಮತ್ತು ಒಮ್ಮೆ ಬಳಸಿ ಎಸೆಯುವ ಪ್ಲಾಸ್ಟಿಕ್ ತಟ್ಟೆ, ಲೋಟ, ಚಮಚಗಳಿಗೆ 2022ರ ಜುಲೈ 1ರಿಂದ ದೇಶವಿಡೀ ನಿಷೇಧವಿದೆ. ಪೇಪರ್ ಲೋಟ ಒಳ್ಳೆಯದೆಂದು ಹಲವರು ನಂಬಿದ್ದಾರೆ. ಆದರೆ ಅದರ ಒಳಮೈಗೆ ತೆಳುವಾದ ಪ್ಲಾಸ್ಟಿಕ್ ಪದರ ಇರುತ್ತದೆ. ಅದು ಗೊಬ್ಬರವೂ ಆಗದು, ರದ್ದಿಗೂ ಹೋಗದು. ಹೊಳೆಯುವ ಬೆಳ್ಳಿಬಣ್ಣದ ಕಾಗದದ ತಟ್ಟೆಯದ್ದೂ ಇದೇ ಕಥೆ.

ಸ್ಟೀಲ್ ತೊಳೆಯುವುದಕ್ಕೆ ಜನ ಇಲ್ಲ ಎಂಬ ಆಕ್ಷೇಪ ಬಂದೇ ಬರುತ್ತದೆ. ಸಾಲಾಗಿ ಒಂದು ಬಕೆಟ್ಟು, ಮೂರು ಟಬ್ಬು ಇಡಿ. ಉಂಡವರು ತಾವೇ ಎಂಜಲನ್ನು ಬಕೆಟ್ಟಿಗೆ ಉದುರಿಸಲಿ, ಮೊದಲ ಟಬ್ಬಿನಲ್ಲಿ ಸಾಬೂನು ನೀರು, ಎರಡನೆಯದರಲ್ಲಿ ಜಾಲಿಸುವುದು, ಮೂರನೆಯದರಲ್ಲಿ ಬಿಸಿನೀರು. ಕೊನೆಗೆ ಬಿಸಿಲಿಗೆ ಕವುಚಿಡಿ. ಧರ್ಮಗುರುಗಳೋ ಸಭಾಪಾಲಕರೋ ತಮ್ಮ ತಟ್ಟೆ ತಾವೇ ತೊಳೆದರೆ ಆ ಸಾಲು ತಾನಾಗಿ ಬೆಳೆಯುತ್ತದೆ, ಪ್ರಕಟಣೆ ಮಾಡಬೇಕಾದ್ದೇ ಇಲ್ಲ. ಸಾಬೂನು ನೀರು ಬಾವಿಯ ಕಡೆ ಹರಿಯದಂತೆ ದೂರದ ಬಾಳೆಬುಡಕ್ಕೆ ಬಿಡಿ.

ಕುಡಿಯಲು ತಲೆಗೆ ಮುಕ್ಕಾಲು ಲೀಟರ್ ಹಿಡಿದರೆ 200 ಜನಕ್ಕೆ 150 ಲೀಟರ್, ಅಂದರೆ 20 ಲೀಟರಿನ ಎಂಟು ಕ್ಯಾನ್ ಮತ್ತು ಸ್ಟೀಲ್ ಲೋಟ. ಸಣ್ಣ ಬಾಟಲಿ ಹಂಚಿದರೆ ಅರ್ಧ ಕುಡಿದ ಬಾಟಲಿಗಳೇ ಅಂಗಳದ ತುಂಬ ಉಳಿಯುತ್ತವೆ.

ಈಗ ಅಂಚಿನ ಮಾತು. ಐದು ಸಾವಿರ ಜನ ಉಂಡ ಮೇಲೆ ಏನೂ ಹಾಳಾಗದಂತೆ ತುಂಡುಗಳನ್ನು ಕೂಡಿಸಿರಿ ಎಂದು ಯೇಸು ಶಿಷ್ಯರಿಗೆ ಹೇಳಿದ್ದು ಯೋಹಾನ 6:12ರಲ್ಲಿದೆ. ಉಳಿದದ್ದನ್ನು ಕಾಪಾಡಬೇಕು, ನಿಜ. ಆದರೆ ಹೊರಗಿನವರ ಪಾಲನ್ನು ಉಳಿದದ್ದರಿಂದ ತೆಗೆಯಬೇಡಿ. ಪಂಕ್ತಿ ಕೂರುವ ಮೊದಲೇ 25 ಊಟ ಬೇರೆ ಪಾತ್ರೆಗಳಲ್ಲಿ ಎತ್ತಿಡಿ, ಪಾಯಸವೂ ಸೇರಿ. ಆ ಪಾತ್ರೆಗಳು ನಿಮ್ಮ ಪಟ್ಟಿಯಲ್ಲಿರುವ ಮನೆಗಳಿಗೂ ಪೌರಕಾರ್ಮಿಕರಿಗೂ ಬಿಸಿಯಿರುವಾಗಲೇ ಹೋಗಲಿ. ಸಂಜೆ ನಾಲ್ಕಕ್ಕೆ ತಳ ಹತ್ತಿದ ಅನ್ನ ತಂದುಕೊಡುವವರ ಬಗ್ಗೆ ತೆಗೆದುಕೊಳ್ಳುವವರಿಗೆ ಏನನಿಸುತ್ತದೆ ಎಂಬುದು ಅವರು ಬಾಯಿಬಿಟ್ಟು ಹೇಳದಿದ್ದರೂ ನಮಗೆ ಗೊತ್ತಿರಬೇಕು.

ಆಮೇಲೂ ಉಳಿದರೆ ಕೆಲವು ಕಟ್ಟುನಿಟ್ಟು ಬೇಕು. ಬೇಯಿಸಿದ ಆಹಾರ ಒಲೆಯಿಂದ ಇಳಿಸಿದ ಎರಡು ಗಂಟೆಯೊಳಗೆ ತಿನ್ನುವವರ ಕೈಸೇರಬೇಕು, ಇಲ್ಲವೇ ಹಬೆಯಾಡುವ ಬಿಸಿಯಲ್ಲೇ ಇರಬೇಕು. ಅನ್ನದ ವಿಷಯದಲ್ಲಿ ಎಚ್ಚರ ಹೆಚ್ಚು ಬೇಕು. ಅದರಲ್ಲಿರುವ ಕೆಲವು ಬ್ಯಾಕ್ಟೀರಿಯಾದ ಬೀಜಕಣಗಳು ಬೇಯಿಸಿದರೂ ಸಾಯುವುದಿಲ್ಲ. ಉಗುರುಬೆಚ್ಚಗೆ ಇಟ್ಟಾಗ ಅವು ಬೆಳೆದು ವಿಷ ಬಿಡುತ್ತವೆ, ಮತ್ತೆ ಬಿಸಿ ಮಾಡಿದರೂ ಆ ವಿಷ ಹೋಗುವುದಿಲ್ಲ. ಕಾಯಿ ಚಟ್ನಿ ಮತ್ತು ಕಾಯಿಹಾಲಿನ ಪಾಯಸ ಎಲ್ಲಕ್ಕಿಂತ ಬೇಗ ಹಳಸುತ್ತವೆ, ಅವನ್ನು ಕಳಿಸಬೇಡಿ. ಎರಡು ಹಂಡೆಯ ಸಾಂಬಾರನ್ನು ಒಂದಕ್ಕೆ ಸುರಿಯಬೇಡಿ, ಒಂದು ಕೆಟ್ಟಿದ್ದರೆ ಎರಡೂ ಹೋಗುತ್ತದೆ. ಒಮ್ಮೆ ಯಾರದಾದರೂ ತಟ್ಟೆಗೆ ಬಡಿಸಿದ್ದನ್ನು ಎಂದಿಗೂ ಕಳಿಸಬೇಡಿ. ವೃದ್ಧಾಶ್ರಮಕ್ಕೋ ಅನಾಥಾಲಯಕ್ಕೋ ಕಳಿಸುವುದಾದರೆ ಹಿಂದಿನ ದಿನವೇ ಫೋನ್ ಮಾಡಿ ‘ನಾಳೆ ಮಧ್ಯಾಹ್ನ ನಿಮ್ಮಲ್ಲಿ ಅಡುಗೆ ಇದೆಯೇ, ಎಷ್ಟು ಜನಕ್ಕೆ ಬೇಕು’ ಎಂದು ಕೇಳಿ. ಅವರು ಅಡುಗೆ ಮಾಡಿಟ್ಟ ಮೇಲೆ ನಾವು ಹಂಡೆ ಇಳಿಸಿದರೆ ಎರಡರಲ್ಲಿ ಒಂದು ಚರಂಡಿಗೇ.

ಹೂವು ಮತ್ತು ಎಲೆ

ಮೊಂತಿ ಹಬ್ಬದ ಒಂಬತ್ತು ದಿನಗಳ ಹೂವನ್ನು ಗೊಬ್ಬರ ಮಾಡುವುದು ಮಕ್ಕಳಿಗೆ ಒಪ್ಪಿಸಬಹುದಾದ ಚೆಂದದ ಕೆಲಸ. ಅಂಗಳದ ಹೂವು, ಬೇಲಿಯ ಹೂವು ತರಲು ಹೇಳಿ. ಪೇಟೆಯಿಂದ ಕೊಂಡು ತಂದ ಗುಲಾಬಿಗೆ ಔಷಧ ಹೊಡೆದಿರುವ ಸಾಧ್ಯತೆ ಹೆಚ್ಚು.

ನೆರಳಿರುವ, ನೀರು ನಿಲ್ಲದ ಜಾಗದಲ್ಲಿ ಮೂರಡಿ ಉದ್ದ, ಮೂರಡಿ ಅಗಲ, ಮೂರಡಿ ಎತ್ತರದ ಗೂಡು ಕಟ್ಟಿ. ಇಟ್ಟಿಗೆಯನ್ನು ನಡುನಡುವೆ ಸಂದು ಬಿಟ್ಟು ಜೋಡಿಸಿದರೆ ಗಾಳಿಯಾಡುತ್ತದೆ, ಸಿಮೆಂಟ್ ಬೇಡ. ಇದಕ್ಕಿಂತ ಚಿಕ್ಕದಾದರೆ ಒಳಗೆ ಶಾಖ ಕೂಡುವುದಿಲ್ಲ. ತಳಕ್ಕೆ ತೆಂಗಿನ ನಾರು ಅಥವಾ ಸಣ್ಣ ಕಡ್ಡಿ ಅರ್ಧ ಅಡಿ. ಅದರ ಮೇಲೆ ಆರು ಇಂಚು ಒಣ ಎಲೆ, ಎರಡು ಇಂಚು ಹೂವು ಮತ್ತು ತರಕಾರಿ ಸಿಪ್ಪೆ, ಅದರ ಮೇಲೆ ಸಗಣಿ ನೀರು ಅಥವಾ ಹುಳಿ ಮಜ್ಜಿಗೆ ಚಿಮುಕಿಸಿ ಮತ್ತೆ ಎಲೆ. ಮೇಲಿನ ಪದರ ಯಾವಾಗಲೂ ಒಣ ಎಲೆಯದ್ದೇ ಇರಬೇಕು. ಅಡಿಕೆ ಹಾಳೆಯ ತಟ್ಟೆಯನ್ನು ಚೂರು ಮಾಡಿ ಹಾಕಬಹುದು, ಇಡೀ ಹಾಕಿದರೆ ತಿಂಗಳುಗಟ್ಟಲೆ ಹಾಗೇ ಕೂತಿರುತ್ತದೆ. ಹತ್ತು ದಿನಕ್ಕೊಮ್ಮೆ ಮಗುಚಿ. ಎರಡರಿಂದ ಮೂರು ತಿಂಗಳಲ್ಲಿ ಮಳೆಮಣ್ಣಿನ ವಾಸನೆಯ ಕಪ್ಪು ಗೊಬ್ಬರ ಸಿಗುತ್ತದೆ, ಕ್ರಿಸ್ಮಸ್ ಹೊತ್ತಿಗೆ ಪ್ರತಿ ಮನೆಗೂ ಒಂದು ಪೊಟ್ಟಣ ಕೊಡಬಹುದು.

ಹದ ತಿಳಿಯಲು ಒಂದು ಹಿಡಿ ತೆಗೆದು ಹಿಂಡಿ. ಬೆರಳ ಸಂದಿಯಲ್ಲಿ ಒಂದೆರಡು ಹನಿ ಕಂಡರೆ ಸರಿ. ನೀರು ಧಾರೆಯಾಗಿ ಇಳಿದು ಕೊಳೆತ ಮೊಟ್ಟೆಯ ನಾತ ಬಂದರೆ ಗಾಳಿ ಸಾಲದೆಂದು ಅರ್ಥ, ಒಣ ಎಲೆ ಸೇರಿಸಿ ಮಗುಚಬೇಕು. ಇರುವೆ ಕಟ್ಟಿದರೆ ಒಣಗಿದೆ. ಬಿಳಿ ಹುಳು ಕಂಡರೆ ಹಸಿ ಕಸ ತೆರೆದು ಬಿದ್ದಿದೆ, ಮುಚ್ಚಿ. ಕರಾವಳಿಯ ಮಳೆಗೆ ಮೇಲೊಂದು ಶೀಟ್ ಇಲ್ಲದಿದ್ದರೆ ಏನೂ ನಡೆಯದು.

ಹೂವಿನ ಅಲಂಕಾರದಲ್ಲಿ ಕಾಣದ ಕಸ ಒಂದಿದೆ. ಪೀಠದ ಮುಂದೆ ಹೂ ಚುಚ್ಚುವ ಹಸಿರು ಸ್ಪಂಜು ನೀರು ಹೀರುತ್ತದೆ, ಬೆರಳಿನಿಂದ ಉಜ್ಜಿದರೆ ಪುಡಿಯಾಗುತ್ತದೆ, ಹಾಗಾಗಿ ಕರಗುತ್ತದೆಂದು ಜನ ತಿಳಿಯುತ್ತಾರೆ. ಅದು ಪೂರಾ ಪ್ಲಾಸ್ಟಿಕ್, ಪುಡಿಯಾದಷ್ಟೂ ಮಣ್ಣಿನಲ್ಲಿ ಬೆರೆಯುತ್ತದೆ ಅಷ್ಟೆ. ಅದರ ಬದಲು ಹಿತ್ತಾಳೆ ಹೂದಾನಿ, ಒಳಗೆ ಸುರುಳಿ ಸುತ್ತಿದ ಕೋಳಿ ಜಾಲರಿ ಅಥವಾ ಬಾಳೆದಿಂಡಿನ ತುಂಡು ಇಡಿ. ಬಾಳೆದಿಂಡಿಗೆ ಚುಚ್ಚಿದ ಹೂವು ಎರಡು ದಿನ ಬಾಡದೆ ನಿಲ್ಲುತ್ತದೆ. ನೈಲಾನ್ ದಾರದ ಮಾಲೆ ಬೇಡ, ಬಾಳೆನಾರಿನಲ್ಲಿ ಕಟ್ಟಿಸಿ.

ಒಣ ಎಲೆಗೆ ಬೆಂಕಿ ಹಾಕುವುದನ್ನು ಈ ಕಾಲದಲ್ಲಿ ಪೂರ್ತಿ ನಿಲ್ಲಿಸಿ. ಹೊಗೆ ಮೊದಲು ಹೋಗುವುದು ಪಕ್ಕದ ಮನೆಯ ದಮ್ಮಿನ ರೋಗಿಯ ಕಿಟಕಿಗೆ.

ಮಳೆನೀರು ಮತ್ತು ಅರವಟ್ಟಿಗೆ

ಸೆಪ್ಟೆಂಬರಿನಲ್ಲಿ ಮಳೆಕೊಯ್ಲಿನ ಪೈಪು ಹಾಕಿಸಲು ಹೊರಡಬೇಡಿ. ಕರಾವಳಿಯಲ್ಲಿ ಮಳೆ ಇಳಿಯುತ್ತಿರುತ್ತದೆ, ಬೆಂಗಳೂರಿನ ಕಡೆ ಜೋರಾಗಿರುತ್ತದೆ. ಇದು ನೋಡುವ ಸಮಯ. ಮಳೆ ಸುರಿಯುವಾಗ ಕೊಡೆ ಹಿಡಿದು ಹೊರಗೆ ನಿಂತರೆ ಯಾವ ಪೈಪು ಉಕ್ಕುತ್ತದೆ, ನೀರು ಎಲ್ಲಿ ನಿಲ್ಲುತ್ತದೆ, ಎಲ್ಲಿಂದ ರಸ್ತೆಗೆ ಹೋಗುತ್ತದೆ ಎಂಬುದು ಹತ್ತು ನಿಮಿಷದಲ್ಲಿ ತಿಳಿಯುತ್ತದೆ. ಕೆಲಸ ಫೆಬ್ರವರಿಯಿಂದ ಏಪ್ರಿಲ್ ಒಳಗೆ.

ಲೆಕ್ಕ ಸುಲಭ. ಒಂದು ಚದರ ಮೀಟರ್ ಛಾವಣಿಯ ಮೇಲೆ ಒಂದು ಮಿಲಿಮೀಟರ್ ಮಳೆ ಬಿದ್ದರೆ ಒಂದು ಲೀಟರ್. 200 ಚದರ ಮೀಟರಿನ ಛಾವಣಿಗೆ 10 ಮಿಲಿಮೀಟರ್ ಮಳೆಯಾದರೆ 2000 ಲೀಟರ್, ಐದರಲ್ಲಿ ಒಂದು ಪಾಲು ನಷ್ಟ ಕಳೆದರೆ 1600. ನಮ್ಮ ಹಳೆಯ ಚರ್ಚುಗಳಲ್ಲಿ ಬಹಳಷ್ಟಕ್ಕೆ ಮಂಗಳೂರು ಹೆಂಚಿನ ಮಾಡು. ಬಾಸೆಲ್ ಮಿಶನ್ ಮಂಗಳೂರಿನಲ್ಲಿ ಹೆಂಚಿನ ಕಾರ್ಖಾನೆ ಆರಂಭಿಸಿದ್ದು 1865ರಲ್ಲಿ. ಹೆಂಚು ಸ್ವಲ್ಪ ನೀರು ಹೀರುತ್ತದೆ, ಪಾಚಿ ಕಟ್ಟುತ್ತದೆ, ಆದ್ದರಿಂದ ನಷ್ಟದ ಪಾಲು ಕೊಂಚ ಹೆಚ್ಚು ಹಿಡಿಯಿರಿ. ಕಲ್ನಾರು ಶೀಟಿನ ಮಾಡಿನ ನೀರನ್ನು ಕುಡಿಯುವ ಬಾವಿಗೆ ಬಿಡಬೇಡಿ, ಗಿಡಕ್ಕೆ ಸಾಕು.

ಬೇಸಿಗೆಯ ಧೂಳು, ಹಕ್ಕಿ ಹಿಕ್ಕೆಯೆಲ್ಲ ಮೊದಲ ಮಳೆಯಲ್ಲಿ ಇಳಿಯುತ್ತದೆ. ಮೊದಲ ಒಂದು ಮಿಲಿಮೀಟರಿನ ನೀರನ್ನು ಹೊರಗೆ ಬಿಡಬೇಕು. 200 ಚದರ ಮೀಟರಿಗೆ ಅದು 200 ಲೀಟರ್, ಒಂದು ಡ್ರಮ್ಮಿನ ಅಳತೆ. ಉಳಿದದ್ದು ಸೋಸಿಕೆ ಡ್ರಮ್ಮಿಗೆ: ಕೆಳಗೆ 20 ಮಿಲಿಮೀಟರ್ ಜಲ್ಲಿ, ಅದರ ಮೇಲೆ ಸಣ್ಣ ಜಲ್ಲಿ, ನೈಲಾನ್ ಜಾಲರಿ, ಮೇಲೆ ತೊಳೆದ ದಪ್ಪ ಮರಳು. ಜಾಲರಿ ಮರೆತರೆ ಮರಳು ಕೆಳಗಿಳಿದು ಒಂದೇ ಮಳೆಗಾಲದಲ್ಲಿ ಕಟ್ಟಿಕೊಳ್ಳುತ್ತದೆ. ಮರಳನ್ನು ವರ್ಷಕ್ಕೊಮ್ಮೆ ತೆಗೆದು ತೊಳೆಯಬೇಕು. ಬಾವಿ ನೀರನ್ನು ಮಳೆಗೆ ಮೊದಲೊಮ್ಮೆ, ನಂತರವೊಮ್ಮೆ ಪರೀಕ್ಷಿಸಿ. ಸಣ್ಣ ಬಾಟಲಿಯ ಕಿಟ್ ಸಿಗುತ್ತದೆ, ನೀರು ತುಂಬಿ ಒಂದೆರಡು ದಿನ ಬಿಟ್ಟಾಗ ಕಪ್ಪಾದರೆ ಮಲದ ಸೋಂಕು ಇದೆಯೆಂದು ತಿಳಿದು ಕುದಿಸದೆ ಕುಡಿಯಬಾರದು.

ಈ ನೀರಿನ ಅಂಚು ಯಾರಿಗೆ? ಕಾಂಪೌಂಡ್ ಗೋಡೆಯ ಹೊರಬದಿಗೆ ಒಂದು ನಲ್ಲಿ ಇಡಿ. ಮಾರ್ಚ್‌ನಿಂದ ಮೇವರೆಗೆ ಗೇಟಿನ ಬಳಿ ಅರವಟ್ಟಿಗೆ ಇರಲಿ: ಮರಳಿನ ಮೇಲೆ ಎರಡು ಮಡಕೆ, ಮುಚ್ಚಳ, ಉದ್ದ ಹಿಡಿಕೆಯ ಸೌಟು, ದಿನಾ ತೊಳೆಯುವ ಲೋಟ. ಲೋಟವನ್ನೇ ಮಡಕೆಗೆ ಅದ್ದಿದರೆ ನೀರು ಕೆಡುತ್ತದೆ, ಸೌಟು ಅದಕ್ಕಾಗಿಯೇ. ಭಾನುವಾರ ಬಳಸುವ ಶೌಚಾಲಯವನ್ನು ವಾರದ ದಿನಗಳಲ್ಲಿ ಬೆಳಗ್ಗೆ ಆರರಿಂದ ಹನ್ನೊಂದರವರೆಗೆ ಪೌರಕಾರ್ಮಿಕ ಮಹಿಳೆಯರಿಗೆ ತೆರೆದಿಡಿ. ಅಷ್ಟು ಹೊತ್ತು ರಸ್ತೆಯಲ್ಲಿ ದುಡಿಯುವ ಅವರಿಗೆ ಇದಕ್ಕಿಂತ ದೊಡ್ಡ ಉಪಕಾರ ಬೇರಿಲ್ಲ, ಚರ್ಚಿಗೆ ಇದಕ್ಕಿಂತ ಕಡಿಮೆ ಖರ್ಚಿನದ್ದೂ ಇಲ್ಲ. ಮನೆ ಕಸದಲ್ಲಿ ಒಡೆದ ಗಾಜನ್ನು ಕಾಗದದಲ್ಲಿ ಸುತ್ತಿ ಮೇಲೆ ‘ಗಾಜು’ ಎಂದು ಬರೆಯುವುದು, ಸ್ಯಾನಿಟರಿ ಪ್ಯಾಡ್ ಮತ್ತು ಡೈಪರನ್ನು ಪೇಪರಿನಲ್ಲಿ ಸುತ್ತಿ ಕೆಂಪು ಗುರುತು ಹಾಕಿ ಬೇರೆ ಕೊಡುವುದು ಕೂಡ ಅವರ ಕೈಗಳ ಮೇಲಿನ ಪ್ರೀತಿಯೇ. ಸಂಡೇ ಸ್ಕೂಲಿನಲ್ಲಿ ಇದನ್ನು ಕೈಯಲ್ಲಿ ಮಾಡಿಸಿ ಕಲಿಸಿ.

ಹಕ್ಕಿಗಳಿಗೆ ನೀರಿಡುವವರು ಎರಡು ಇಂಚಿಗಿಂತ ಆಳವಿಲ್ಲದ ಮಣ್ಣಿನ ತಟ್ಟೆ ಇಡಿ, ನಡುವೆ ಒಂದು ಕಲ್ಲು. ದಿನಾ ನೀರು ಚೆಲ್ಲಿ, ಎರಡು ದಿನಕ್ಕೊಮ್ಮೆ ಉಜ್ಜಿ. ವಾರ ಬಿಟ್ಟರೆ ಸೊಳ್ಳೆ ಮರಿಯಾಗಿ ಡೆಂಗಿ ಹರಡುತ್ತದೆ. ಗಂಟೆಗೋಪುರಕ್ಕೆ ಬಣ್ಣ ಹೊಡೆಸುವ ಮೊದಲು ಗೂಡು ಇದೆಯೇ ನೋಡಿ, ಮರಿ ಹಾರುವವರೆಗೆ ಕಾಯಿರಿ. ತಾಯಿಹಕ್ಕಿಯನ್ನು ಮರಿಗಳೊಂದಿಗೆ ಹಿಡಿಯಬಾರದೆಂಬ ಧರ್ಮೋಪದೇಶಕಾಂಡ 22:6ರ ಮಾತು ನೆನಪಿರಲಿ.

ಗಿಡ, ಸಮಾಧಿ ತೋಟ

ಗಿಡ ನೆಡುವುದಾದರೆ ಜೂನ್ ತಿಂಗಳೇ ಸರಿ. ಸೆಪ್ಟೆಂಬರಿನಲ್ಲಿ ನೆಟ್ಟರೆ ಬೇರು ಇಳಿಯುವ ಮೊದಲೇ ಒಣ ಹವೆ ಬರುತ್ತದೆ. ನೆಡಲೇಬೇಕೆಂದರೆ ಸಂಖ್ಯೆ ಕಡಿಮೆ ಮಾಡಿ, ಪ್ರತಿ ಗಿಡಕ್ಕೂ ಒಂದು ಕುಟುಂಬ ನೇಮಿಸಿ: ಮಳೆ ನಿಂತಂದಿನಿಂದ ಮೇ ಮುಗಿಯುವವರೆಗೆ ವಾರಕ್ಕೆರಡು ಸಲ 10ರಿಂದ 15 ಲೀಟರ್ ನೀರು. ಗುಂಡಿ ಎರಡಡಿ ಉದ್ದ, ಅಗಲ, ಆಳ. ಬುಡಕ್ಕೆ ನಾಲ್ಕು ಇಂಚು ಒಣ ಎಲೆಯ ಹೊದಿಕೆ, ಆದರೆ ಕಾಂಡಕ್ಕೆ ತಾಗದಂತೆ ಮೂರು ಇಂಚು ಬಿಟ್ಟು, ಇಲ್ಲದಿದ್ದರೆ ತೊಗಟೆ ಕೊಳೆಯುತ್ತದೆ. ಕರಾವಳಿಗೆ ಪುನರ್ಪುಳಿ, ರೆಂಜೆ, ಸುರಗಿ, ಹಲಸು. ಬಯಲುಸೀಮೆಗೆ ಹೊಂಗೆ, ನೇರಳೆ, ಬೇವು. ಗೋಡೆಯಿಂದ 15 ಅಡಿಯಾದರೂ ದೂರವಿರಲಿ.

ಸಮಾಧಿ ಸ್ಥಳದಲ್ಲಿ ನವೆಂಬರ್ 2ರ ಸತ್ತವರ ಸ್ಮರಣೆಗೆ ಮುಂಚೆ ಕಳೆನಾಶಕ ಹೊಡೆಯುವ ಅಭ್ಯಾಸ ಹಲವು ಕಡೆ ಇದೆ. ದಯವಿಟ್ಟು ಕತ್ತಿಯಿಂದ ಹೆರೆಸಿ. ನಾಲ್ಕು ಜನಕ್ಕೆ ಎರಡು ದಿನದ ಕೂಲಿ ಸಿಗುತ್ತದೆ, ಮಣ್ಣಿನ ಜೀವಗಳು ಉಳಿಯುತ್ತವೆ, ಒಂದು ಮೂಲೆಯನ್ನು ಹೆರೆಸದೆ ಬಿಟ್ಟರೆ ಚಿಟ್ಟೆಗಳಿಗೂ ಅಂಚು ಸಿಕ್ಕಂತಾಯಿತು.

ಮನೆ ಭೇಟಿ

ಒಂಟಿ ಹಿರಿಯರ ಮನೆಗೆ ಇಬ್ಬರು ಹೋಗಿ, ಮೊದಲೇ ಫೋನ್ ಮಾಡಿ, ಅರ್ಧ ಗಂಟೆ ಕುಳಿತು ಬನ್ನಿ. ಚಿಕ್ಕ ಮಕ್ಕಳನ್ನು ಕರೆದೊಯ್ದರೆ ಒಬ್ಬ ದೊಡ್ಡವರ ಜೊತೆ ಒಂಟಿಯಾಗಿ ಬಿಡಬೇಡಿ. ‘ಏನಾದರೂ ಬೇಕಾ’ ಎಂದು ಕೇಳಿದರೆ ‘ಏನೂ ಬೇಡ ಮಗಾ’ ಎಂಬುದೇ ಉತ್ತರ. ಅದರ ಬದಲು ‘ಬಲ್ಬು ಉರಿಯುತ್ತಿಲ್ಲ, ಹಾಕಿಕೊಡಲೇ ಅಮ್ಮಾ’, ‘ಗುರುವಾರ ಆಸ್ಪತ್ರೆಗೆ ಹೋಗುತ್ತಿದ್ದೇನೆ, ನಿಮ್ಮ ಮಾತ್ರೆ ತರಲೇ’ ಎಂದು ಕೇಳಿ. ಬಚ್ಚಲಿನಲ್ಲಿ ಜಾರುತ್ತದೆಯೇ, ಗ್ಯಾಸ್ ಪೈಪು ಬಿರುಕು ಬಿಟ್ಟಿದೆಯೇ ನೋಡಿ. 65 ದಾಟಿದ ಬಡವರಿಗೆ ಸಂಧ್ಯಾ ಸುರಕ್ಷಾ ಪಿಂಚಣಿ ಬರುತ್ತಿದೆಯೇ ವಿಚಾರಿಸಿ, ಇಲ್ಲದಿದ್ದರೆ ನಾಡಕಚೇರಿಗೆ ಜೊತೆಯಲ್ಲಿ ಹೋಗಿ. ಕೇಳಿದ ಸಂಗತಿ ಅಲ್ಲೇ ಬಿಟ್ಟು ಬನ್ನಿ, ವಾಳೆಯ ಪ್ರಾರ್ಥನೆಯಲ್ಲಿ ಹೆಸರು ಹಿಡಿದು ಹೇಳಬೇಡಿ.

ಕೊಡುವಾಗ ಫೋಟೊ ಬೇಡ. ಎಡಗೈಗೆ ಗೊತ್ತಾಗದಂತೆ ಕೊಡು ಎಂಬ ಮತ್ತಾಯ 6:3ರ ಮಾತಿಗೆ ವಾಟ್ಸಾಪ್ ಗುಂಪಿನಲ್ಲೂ ರಿಯಾಯಿತಿ ಇಲ್ಲ. ಊಟದ ಜೊತೆ ಕರಪತ್ರವೂ ಬೇಡ. ದಾರಿಯಲ್ಲಿ ಬಿದ್ದವನನ್ನು ಎತ್ತಿದ ಸಮಾರ್ಯದವನು ಅವನಿಂದ ಏನನ್ನೂ ಕೇಳಲಿಲ್ಲ, ಮುಂದಿನ ಖರ್ಚನ್ನೂ ತಾನೇ ವಹಿಸಿಕೊಂಡ.

ಅಕ್ಟೋಬರ್ 4ರ ಬಲಿಪೂಜೆ ಅಥವಾ ಆರಾಧನೆ ಮುಗಿದ ಮೇಲೆ ಮೊದಲ ವಾರದ ನೋಟ್‌ಬುಕ್ ತೆರೆದು, ಪ್ರತಿ ಹೆಸರಿನ ಮುಂದೆ ಮುಂದಿನ ದಿನಾಂಕ ಬರೆಯಿರಿ. ನವೆಂಬರಿನಲ್ಲಿ ಸರ್ಕಾರಿ ನೌಕರಿಯಿಂದ ನಿವೃತ್ತರಾದ ಪಿಂಚಣಿದಾರರು ಜೀವಂತ ಪ್ರಮಾಣಪತ್ರ ಕೊಡಬೇಕು, ನಡೆಯಲಾಗದವರ ಮನೆಗೆ ಆಧಾರ್ ಬೆರಳಚ್ಚು ತೆಗೆಯುವವರನ್ನು ಕರೆದೊಯ್ಯುವ ಹೊಣೆ ಯಾರದು? ಡಿಸೆಂಬರಿನಲ್ಲಿ ಗೊಬ್ಬರ ಜರಡಿ ಹಿಡಿಯುವವರು ಯಾರು? ಫೆಬ್ರವರಿಯಲ್ಲಿ ಪೈಪು, ಮಾರ್ಚ್ 1ಕ್ಕೆ ಅರವಟ್ಟಿಗೆಯ ಮಡಕೆ, ಮೇ 15ರೊಳಗೆ ಮಾಡಿನ ನೀರು ಹರಿಯುವ ದೋಣಿಯ ಕಸ ತೆಗೆಸುವುದು. ಪುಟದ ಒಂದು ಪ್ರತಿ ಅಡುಗೆಮನೆಯ ಬಾಗಿಲಿಗೆ, ಒಂದು ಕಚೇರಿಯ ಗೋಡೆಗೆ ಅಂಟಿಸಿ.